ಒಡೆಯದ ಉಡುಪಿ

ಉಡುಪಿಯ ಪಿನ್‌ ಕೋಡ್‌ 576101. ಲಕೋಟೆ, ಆಧಾರ್‌ ಕಾರ್ಡು, ಅಂಗಡಿಯ ಬೋರ್ಡು, ಎಲ್ಲೆಲ್ಲೂ ಕಣ್ಣಿಗೆ ಬೀಳುವ ಈ ಆರು ಅಂಕಿಗಳನ್ನು ವಿಳಾಸದ ಕೊನೆಯ ತುಣುಕೆಂದು ಓದಿ ಮುಂದೆ ಸಾಗುವವರೇ ಹೆಚ್ಚು. ಸಂಖ್ಯೆಯೆಂದು ಕೈಗೆತ್ತಿಕೊಂಡರೆ ಅದರ ಚೆಲುವೇ ಬೇರೆ. ಐದು ಲಕ್ಷದ ಎಪ್ಪತ್ತಾರು ಸಾವಿರದ ನೂರ ಒಂದು ಅವಿಭಾಜ್ಯ ಸಂಖ್ಯೆ! ಅಷ್ಟು ಕಾಗದಗಳನ್ನು ಸಮನಾದ ಕಟ್ಟುಗಳಾಗಿ ಕಟ್ಟಲು ಹೊರಟರೆ ಒಂದಾದರೂ ಮಿಕ್ಕೇ ಮಿಗುತ್ತದೆ.

ಅಂಚೆ ಇಲಾಖೆ ಇದನ್ನು ನೋಡಿ ಕೊಟ್ಟದ್ದಲ್ಲ. 1972ರ ಆಗಸ್ಟ್‌ 15ರಂದು ಪಿನ್‌ ಪದ್ಧತಿ ಬಂದಾಗ ಕಾಗದ ಸರಿಯಾದ ಚೀಲಕ್ಕೆ ಬಿದ್ದರೆ ಸಾಕಿತ್ತು. ಉಡುಪಿ, ಮಣಿಪಾಲಗಳಿಗೆ 576ರಿಂದ, ಕಾಪು, ಕಾರ್ಕಳಗಳಿಗೆ 574ರಿಂದ ಶುರುವಾಗುವ ಸಂಖ್ಯೆಗಳು ಸಿಕ್ಕವು. 1997ರಲ್ಲಿ ಉಡುಪಿ ಜಿಲ್ಲೆಯಾಗಿ ನಾಲ್ಕೂ ಊರುಗಳು ಅದರೊಳಗೆ ಬಂದ ಮೇಲೂ ಆ ಭೇದ ಹಾಗೆಯೇ ಇದೆ.

ಅವಿಭಾಜ್ಯವೆಂದು ನಂಬುವುದು ಹೇಗೆ? 759ರ ವರ್ಗ 576081. 760ರದ್ದು ಸಂಖ್ಯೆಯನ್ನು ದಾಟಿಬಿಡುತ್ತದೆ. ಹಾಗಾಗಿ 757ರವರೆಗಿನ 134 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಹತ್ತೊಂಬತ್ತರಿಂದ ಎರಡು, 353ರಿಂದ ಐದು. ಯಾವುದಕ್ಕೂ ಸೊನ್ನೆ ಬರುವುದಿಲ್ಲ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೊಂದು ಹೀಗಿರುತ್ತದೆ. ಅಪರೂಪವಲ್ಲ, ಆದರೂ ರಥಬೀದಿಯ ಊರಿಗೆ ಅದು ಒಲಿದದ್ದು ಸಂತೋಷವೇ.

ಮೂರೇ ಹೆಜ್ಜೆ ಮುಂದಿರುವ ಮಣಿಪಾಲದ 576104 ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಬಾಯಿಲೆಕ್ಕದಲ್ಲೇ ಕಟ್ಟಿ ನೋಡಬಹುದು: 23ನ್ನು 31ರಿಂದ ಗುಣಿಸಿದರೆ 713, ಅದರ ಎಂಟರಷ್ಟು 5704. ಇದಕ್ಕೆ ಎರಡು ಸೊನ್ನೆ ಹಚ್ಚಿ 570400 ಮಾಡಿ, ಮತ್ತೆ 5704 ಕೂಡಿಸಿದರೆ 576104. ನೂರ ಒಂದರಿಂದ ಗುಣಿಸುವುದೆಂದರೆ ಇಷ್ಟೇ. ಕಾಪುವಿನ 574106 ಎಂದರೆ 2, 13, 71, 311ರ ಗುಣಲಬ್ಧ. ಕಾರ್ಕಳದ 574104ರಲ್ಲಿ ಮೂರು ಎರಡುಗಳು, ಜೊತೆಗೆ 3, 19, 1259.

ಹೀಗೆ ಸಂಖ್ಯೆಗಳನ್ನು ಗುಣಿಸಿ ಚೆಲುವು ಕಾಣುವ ಹವ್ಯಾಸ ಕನ್ನಡ ನೆಲಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊರಳಹಾರಗಳೆಂದು ಕರೆದು ಪೋಣಿಸಿದ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321.

ಉಡುಪಿಯ ಸಂಖ್ಯೆಯೊಳಗೆ ಇನ್ನೊಂದು ಸೊಗಸು ಅಡಗಿದೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ, ಅದೂ ಒಂದೇ ಬಗೆಯಲ್ಲಿ, ಬರೆಯಬಹುದು. ಫ್ರಾನ್ಸಿನ ಫರ್ಮಾ 1640ರಲ್ಲಿ ಇದನ್ನು ಪತ್ರದಲ್ಲಿ ಬರೆದ. ಸಾಧಿಸಿ ತೋರಿಸಿದ್ದು ಶತಮಾನದ ನಂತರ ಆಯ್ಲರ್‌. 576101 ಅಂಥದ್ದೇ: 751ರ ವರ್ಗ 564001, 110ರ ವರ್ಗ 12100, ಕೂಡಿಸಿದರೆ ಸರಿಯಾಗಿ ಉಡುಪಿ. ಉಳಿದ ಮೂರು ಊರುಗಳಿಗೆ ಈ ಭಾಗ್ಯವಿಲ್ಲ. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವ ಅವಿಭಾಜ್ಯವೊಂದು ಒಂದೇ ಸಲ ಬಂದರೂ ದಾರಿ ಮುಚ್ಚುತ್ತದೆ. ಮಣಿಪಾಲಕ್ಕೆ 23 ಮತ್ತು 31, ಕಾಪುವಿಗೆ 71 ಮತ್ತು 311 ಅಡ್ಡ ಬರುತ್ತವೆ, ಕಾರ್ಕಳಕ್ಕೆ ಮೂರೇ ಸಾಕು.