ಹಿಂದಿನ ಸೀಟು

ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ರಜೆ. ಅವತ್ತು ಬೆಳಿಗ್ಗೆ ಆರಕ್ಕೆ ಶೆಡ್ಡುಗಳ ನಡುವಿನ ರಸ್ತೆಯಲ್ಲಿ ಲಾರಿಗಳಿರುವುದಿಲ್ಲ. ಅಲ್ಲಿ ನಲವತ್ತಾರು ವರ್ಷದ ಹೆಂಗಸೊಬ್ಬಳು ಓಡ್ನಿಯನ್ನು ಸೊಂಟಕ್ಕೆ ಬಿಗಿದು, ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಎಂಟರ ಮೇಲೆ ಹಳೆಯ ಸ್ಪ್ಲೆಂಡರ್ ಓಡಿಸುತ್ತಿದ್ದಳು. ಕಟ್ಟೆಯ ಮೇಲೆ ಕುಳಿತ ಗಂಡ ಆಕೆಯ ಕಡೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಎಂಜಿನ್ನಿನ ಸದ್ದು ಕೇಳುತ್ತಿದ್ದ.

ನೋಡಿದರೂ ಹೆಚ್ಚೇನೂ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಲೇಸರ್ ಮಾಡಿದ್ದರು. ಉಳಿದ ದೃಷ್ಟಿಯನ್ನು ಕಾಯುವುದಕ್ಕೆ ಅದು, ಹೋದದ್ದನ್ನು ತರುವುದಕ್ಕಲ್ಲ. ಬೈಲಹೊಂಗಲದಿಂದ ಪುಣೆಗೆ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಆತ ಮುಂದೆ, ಆಕೆ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು. ಗಾಡಿ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದಾಗ ಆತ ತಲೆಯಾಡಿಸಿದ. ಮರುದಿನವೇ ಹಾಲಿಗೆಂದು ಗಾಡಿ ತೆಗೆದ. ಹಂಪ್ ಕಾಣದೆ ಬಿದ್ದ. ಆಕೆ ಕೀಲಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಳು. ವಾರವಿಡೀ ಮನೆಯಲ್ಲಿ ಮಾತಿರಲಿಲ್ಲ. ಕೊನೆಗೆ ಆತನೇ, “ನಿಂತ ಗಾಡಿ ತುಕ್ಕು ಹಿಡೀತದ. ನೀನ ಕಲಿ” ಅಂದ.

ಹಳೆಯದನ್ನು ಮಾರಿ ಸ್ಕೂಟಿ ತಗೊಳ್ಳಿ ಎಂದು ಎಲ್ಲರೂ ಹೇಳಿದರು. ಬುದ್ಧಿಮಾತೇ ಅದು. ಗೇರಿಲ್ಲದ ಗಾಡಿಯ ಲೈಸೆನ್ಸೇ ಬೇರೆ, ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಸ್ಪ್ಲೆಂಡರ್ ಓಡಿಸುವಂತಿಲ್ಲ. “ಗಾಡೀನೂ ಮಾರಿದ್ರ ಅವರ ಹತ್ರ ಏನ್ ಉಳೀತದ?” ಎಂದು ಆಕೆ ಗೇರಿನದಕ್ಕೇ ಅರ್ಜಿ ಹಾಕಿದಳು.

ಲರ್ನರ್ ಪರೀಕ್ಷೆಯಲ್ಲಿ 15 ಪ್ರಶ್ನೆ, 9 ಸರಿಯಾದರೆ ಸಾಕು. ಮರಾಠಿಯನ್ನು ಆಕೆ ಮಾತಾಡಿದಷ್ಟು ಸರಾಗವಾಗಿ ಓದಲಾರಳು, ಆದರೂ ಪಾಸಾದಳು. ನಗು ಬಂದದ್ದು ಕೈಸನ್ನೆಗಳ ಪಾಠಕ್ಕೆ. ಎಡಕ್ಕೆ ತಿರುಗಬೇಕಾದರೆ ಬಲಗೈ ಚಾಚಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕಂತೆ. ಕಾರಿನವರಿಗೆ ಸರಿ. ಬೈಕಿನವರ ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತದಲ್ಲ! ಆಮೇಲೆ ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿ, ಕಾಯಬೇಕಾದ 30 ದಿನವನ್ನೂ ಆ ಖಾಲಿ ರಸ್ತೆಯಲ್ಲಿ ಕಳೆದಳು. ಗುರುವಾರ ಬಿಟ್ಟರೆ ಉಳಿದ ದಿನ ಲಾರಿ ಶುರುವಾಗುವ ಮೊದಲು.

ಎಂಟು ಹಾಕುವುದಕ್ಕೆ ವೇಗ ಬೇಡ, ಅದೇ ಕಷ್ಟ. ಮೊದಲ ಗೇರಿನಲ್ಲೇ ಇರಬೇಕು. ಕ್ಲಚ್ಚನ್ನು ಪೂರ್ತಿ ಹಿಡಿದರೆ ಎಳೆತ ಹೋಗಿ ಗಾಡಿ ವಾಲುತ್ತದೆ, ಪೂರ್ತಿ ಬಿಟ್ಟರೆ ಗೆರೆ ದಾಟಿ ನುಗ್ಗುತ್ತದೆ. ಅರ್ಧದಲ್ಲಿ ಹಿಡಿದು, ಬಲಗಾಲಲ್ಲಿ ಹಿಂದಿನ ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟುಕೊಳ್ಳಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ನೆಲವೇ ಗತಿ. ಇದೆಲ್ಲ ಆತನಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. “ಕ್ಲಚ್ ಪೂರಾ ಬಿಟ್ಟಿ ನೋಡು.” “ಈಗ ಹೆದರಿದಿ.” ಒಮ್ಮೆ ಗಾಡಿ ಸಣ್ಣಗೆ ಕೆಮ್ಮಿದಾಗ, “ಗಾಲಿ ನೋಡಾಕತ್ತಿ ಹೌದಿಲ್ಲೋ?” ಅಂದ. ಹೌದು, ಆಕೆ ಮುಂದಿನ ಗಾಲಿಯನ್ನೇ ನೋಡುತ್ತಿದ್ದಳು.

“ಗಾಲಿ ನೋಡಬ್ಯಾಡ. ಎಲ್ಲಿ ಹೋಗಬೇಕೋ ಅಲ್ಲಿ ನೋಡು. ಕಣ್ಣು ಹೋದ ಕಡೆ ಗಾಡಿ ಹೋಗ್ತದ.”

ಹೇಳಿ ಸುಮ್ಮನಾದ. ಆಕೆ ಗಾಡಿ ನಿಲ್ಲಿಸಿ, ಚಹಾದ ಫ್ಲಾಸ್ಕ್ ತೆಗೆದಳು.

ಪರೀಕ್ಷೆಯ ದಿನ ಎರಡನೇ ಸುತ್ತಿನಲ್ಲಿ ಎಡಗಾಲು ನೆಲಕ್ಕೆ ತಾಗಿತು. “ಪಾಯ್ ಖಾಲೀ ಟೆಕ್ವೂ ನಕಾ ಸಾಂಗಿತ್ಲಂ ಹೋತಂ ನಾ, ತಾಯಿ” ಎಂದ ಇನ್‌ಸ್ಪೆಕ್ಟರ್, ಬೇಸರವಿಲ್ಲದ ದನಿಯಲ್ಲಿ. ಕಾನೂನಿನ ಪ್ರಕಾರ ಏಳು ದಿನ ಬಿಟ್ಟು ಮತ್ತೆ ಬರಬಹುದು. ಸಾಲಿನಲ್ಲಿದ್ದ ಕಾಲೇಜು ಹುಡುಗರ ಎದುರು ಆಕೆಗೆ ಅಳು ಬಂದಿತ್ತು. ಮನೆಗೆ ಬಂದು ಹೇಳಿದರೆ ಗಂಡ, “ನಾನೂ ಮೊದಲ ಸಲ ಫೇಲು” ಅಂದ. ಇಷ್ಟು ವರ್ಷ ಈ ಮಾತು ಹೊರಗೆ ಬಂದಿರಲಿಲ್ಲ. ನಿಜವೋ ಸುಳ್ಳೋ ಎಂದು ಆಕೆ ಕೇಳಲೂ ಇಲ್ಲ.

ಎರಡನೇ ಸಲ ಪಾಸಾಯಿತು.

ಲೈಸೆನ್ಸ್ ಬಂದ ಮೇಲೆ ಮೊದಲು ಹೋದದ್ದು ಕಣ್ಣಿನ ಆಸ್ಪತ್ರೆಗೆ. ಆತನಿಗೆ ಹಿಂದೆ ಕೂತು ರೂಢಿಯೇ ಇರಲಿಲ್ಲ. ಕೈಯನ್ನು ಆಕೆಯ ಹೆಗಲ ಮೇಲಿಟ್ಟ, ತೆಗೆದ, ಕೊನೆಗೆ ಹಿಂದಿನ ಕಂಬಿ ಹಿಡಿದ. ದಾರಿಯುದ್ದಕ್ಕೂ ತುಟಿಪಿಟಕ್ ಎನ್ನಲಿಲ್ಲ. ಆದರೆ ಪ್ರತಿ ಸಿಗ್ನಲ್ ಹತ್ತಿರ ಬಂದಾಗಲೂ, ಹಿಂದಿನ ಫುಟ್‌ರೆಸ್ಟಿನ ಮೇಲೆ ಆತನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುವುದು ಆಕೆಗೆ ಗೊತ್ತಾಗುತ್ತಿತ್ತು.