ನಗರ ಕಟ್ಟದ ಕಣಿವೆ

ಕಬಕ ಪುತ್ತೂರಿನಿಂದ ಸುಬ್ರಹ್ಮಣ್ಯದತ್ತ ಸಾಗುವ ರೈಲಿನಲ್ಲಿ ಹೆಚ್ಚಿನವರು ಕುಕ್ಕೆಯ ದರ್ಶನಕ್ಕೆಂದೇ ಹೊರಟಿರುವುದರಿಂದ ಕೋಡಿಂಬಾಳ ನಿಲ್ದಾಣದಲ್ಲಿ ಇಳಿಯುವವರು ವಿರಳ. ಆದರೆ ನದಿಯೊಂದು ಜನಜೀವನವನ್ನು ರೂಪಿಸಿದ ಬಗೆಯನ್ನು ಕಾಣಬಯಸುವ ಪ್ರವಾಸಿ ಇಳಿಯಬೇಕಾದ ತಾಣ ಇದೇ ಆಗಿದೆ.

ನದಿಗಳೆಲ್ಲ ಒಂದೇ ಬಗೆಯ ಬಾಳ್ವೆಯನ್ನು ರೂಪಿಸುವುದಿಲ್ಲ. ಸಿಂಧೂ ಬಯಲಿನಲ್ಲಿ ನೆರೆ ತಂದ ಮೆಕ್ಕಲು ಮಣ್ಣು ವಿಶಾಲವಾದ ಹೊಲಗಳಿಗೆ ಆಸರೆಯಾಗಿ, ಆ ಹೊಲಗಳಲ್ಲಿ ಮಿಕ್ಕ ಧಾನ್ಯದ ಬಲದಿಂದ ಕ್ರಿ.ಪೂ. 2600ರಿಂದ 1900ರ ಅವಧಿಯಲ್ಲಿ ಮೊಹೆಂಜೊದಾರೊದಂತಹ ಸುಟ್ಟ ಇಟ್ಟಿಗೆಯ ನಗರಗಳು ಬಾಳಿದವು. 1712 ಮೀಟರ್ ಎತ್ತರದ ಕುಮಾರಪರ್ವತದ ಸೀಮೆಯಿಂದ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆಗೆ ಅಂತಹ ಬಯಲಿಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಹರಿದುಹೋಗುವ ಈ ಮುರಕಲ್ಲಿನ ಗುಡ್ಡಗಳ ನಾಡಿನಲ್ಲಿ ಊರು ಒಂದೆಡೆ ಗುಂಪುಗೂಡಲಿಲ್ಲ. ಪ್ರತಿ ಮನೆಯೂ ತನ್ನ ಬಾವಿ, ತನ್ನ ಗದ್ದೆ, ತನ್ನ ಸೊಪ್ಪಿನ ಗುಡ್ಡವನ್ನು ಹತ್ತಿರವಿಟ್ಟುಕೊಂಡು ದೂರದೂರ ನೆಲೆಯೂರಿತು.

ನೀರಿನ ಲಭ್ಯತೆಯೇ ಇಲ್ಲಿ ನೆಲದ ದರ್ಜೆಯನ್ನು ನಿರ್ಣಯಿಸಿತು. ಕಣಿವೆಯ ತಳದ, ಮೂರು ಬೆಳೆಗೂ ನೀರುಳ್ಳ ಗದ್ದೆ ಬೈಲು. ಅದರ ಮೇಲಿನ, ಎರಡು ಬೆಳೆಯ ನೆಲ ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೂಡ ಈ ವಿಂಗಡಣೆಯನ್ನು ದಾಖಲಿಸಿದ್ದಾನೆ. ಇಂದು ಆ ಗದ್ದೆಗಳಲ್ಲಿ ಬಹಳಷ್ಟು ಅಡಿಕೆ ತೋಟಗಳಾಗಿವೆ.

ಪ್ರವಾಸಿಯನ್ನು ಬಹುಕಾಲ ತಡೆದು ನಿಲ್ಲಿಸಬೇಕಾದದ್ದು ಇಲ್ಲಿನ 'ಕಟ್ಟ', ಅಂದರೆ ಮಳೆ ನಿಂತ ಮೇಲೆ ತೋಡಿಗೆ (ಹಳ್ಳಕ್ಕೆ) ಅಡ್ಡಲಾಗಿ ಕಟ್ಟುವ ತಾತ್ಕಾಲಿಕ ಒಡ್ಡು. ಕಲ್ಲಿನ ಎರಡು ಸಾಲು ಇಟ್ಟು, ನಡುವೆ ಮಣ್ಣು ತುಂಬಿ ತುಳಿದು, ಸಂದುಗಳಿಗೆ ಸೊಪ್ಪು ತುರುಕಿದಾಗ ನೀರು ಮೊಣಕಾಲಿನಿಂದ ಸೊಂಟದವರೆಗೆ ಮೆಲ್ಲನೆ ಏರಿ, ಬದಿಯ ಕಣಿಯನ್ನು (ಕಿರುಗಾಲುವೆಯನ್ನು) ಹಿಡಿದು, ಯಂತ್ರದ ಹಂಗಿಲ್ಲದೆ ತೋಟದ ಬುಡಬುಡಕ್ಕೂ ತಲುಪುತ್ತದೆ. ಇಂಗಿದ ನೀರು ಕೆಳಗಿನವರ ಬಾವಿಯಲ್ಲಿ ಒಸರುತ್ತದೆ. ಮುಂದಿನ ಮಳೆಗಾಲ ಕಟ್ಟವನ್ನು ಕೊಚ್ಚಿಕೊಂಡು ಹೋಗುವುದರಿಂದ ಪ್ರತಿವರ್ಷವೂ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಒಟ್ಟಾಗಿ ದುಡಿಯಬೇಕಾಗುತ್ತದೆ. ಭೂಗೋಳವು ದೂರವಿರಿಸಿದ ಮನೆಗಳನ್ನು ನೀರು ಹೀಗೆ ಬೆಸೆದಿದೆ.

ಕೊಳವೆಬಾವಿ ಬಂದ ಮೇಲೆ ಅನೇಕ ಕಡೆ ಈ ಕೆಲಸ ನಿಂತಿರುವುದು ವಿಷಾದದ ಸಂಗತಿ. ಅಗೆದಾಗ ಸಿಗುವ ಗೋಡೆಗಳಿಂದಲೇ ನಾಗರಿಕತೆಯನ್ನು ಅಳೆಯುವವರಿಗೆ ಮಳೆಗೆ ಕೊಚ್ಚಿಹೋಗುವ ಕಟ್ಟ ಎಂದೂ ಸಾಕ್ಷಿಯಾಗದು; ಆದರೂ ವರ್ಷವರ್ಷವೂ ಅದನ್ನು ಮತ್ತೆ ಕಟ್ಟಿದ ಒಪ್ಪಂದ ಮತ್ತು ತಿಳಿವಳಿಕೆ ನಗರಗಳಷ್ಟೇ ದೊಡ್ಡ ಸಾಧನೆ.