ಸಂಜೆಯ ಲೆಕ್ಕ

ಸಂಜೆ ಆರರ ಮೇಲೆ ಯಾರಾದರೂ ಮೀಟಿಂಗ್ ಇಟ್ಟರೆ ನಾನು ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತೇನೆ. ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತೇನೆ. ನಿಜ ಏನೆಂದರೆ ನಾನು ಕೂತಿರುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕೈಯಲ್ಲೊಂದು ಉದ್ದನೆಯ ಬಿದಿರು ಕೋಲು ಹಿಡಿದು, ಬೇವಿನ ಮರದ ಕೆಳಗೆ ಕತ್ತೆತ್ತಿ ನಿಂತು ಎಣಿಸುತ್ತಿರುತ್ತೇನೆ. ಒಂದು, ಎರಡು, ಮೂರು... ಹನ್ನೊಂದು ಆಗಬೇಕು. ಹತ್ತಕ್ಕೇ ನಿಂತರೆ ಆಮೇಲೆ ಮೀಟಿಂಗಿನಲ್ಲಿ ಯಾರು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಾನು ಎಣಿಸುವುದು ಟರ್ಕಿ ಕೋಳಿಗಳನ್ನು.

ಚೆನ್ನೈನ ಓಎಂಆರ್ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗುತ್ತಾ ಹೋದರೆ ಗಾಜಿನ ಕಟ್ಟಡಗಳು ಮುಗಿದ ಮೇಲೆ ತಿರುಪ್ಪೋರೂರು ಸಿಗುತ್ತದೆ. ಅಲ್ಲಿಂದ ಚೆಂಗಲ್‌ಪಟ್ಟಿನ ಕಡೆಗೆ ಸ್ವಲ್ಪ ಒಳಗೆ ಹೋದರೆ ನಾನಿರುವ ಹಳ್ಳಿ. 2021ರಲ್ಲಿ, ಆಫೀಸಿಗೆ ಬರಬೇಡಿ ಅಂದ ಕಾಲದಲ್ಲಿ, ನಗರದ ಒಂದು ಬೆಡ್‌ರೂಮಿನ ಬಾಡಿಗೆಗೆ ಇಲ್ಲಿ ಹಿತ್ತಿಲು, ಬಾವಿ, ಬೇವಿನ ಮರ ಎಲ್ಲ ಇರುವ ಮನೆ ಸಿಕ್ಕಿತು. ಮನೆಯ ಒಡೆಯರು ಚೆನ್ನೈನಲ್ಲಿದ್ದಾರೆ. ಅವರ ತಾಯಿ ಪಕ್ಕದ ಹೆಂಚಿನ ಮನೆಯಲ್ಲೇ ಒಬ್ಬರೇ ಇರುತ್ತಾರೆ. ನಾನು ಅವರನ್ನು ಪಾಟಿ ಎನ್ನುತ್ತೇನೆ, ಅವರಿಗೆ ನಾನು ತಂಬಿ. ಊರಿನ ಉಳಿದವರಿಗೆ ನಾನು ‘ಬೆಂಗಳೂರು ತಂಬಿ’. ನನ್ನ ಊರು ಮಧುಗಿರಿ ಕಡೆ, ಬೆಂಗಳೂರಲ್ಲ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಾಗಿಲ್ಲ.

ಟರ್ಕಿ ಸಾಕುವ ಯೋಚನೆ ಪಾಟಿಯದು. ತಮಿಳಿನಲ್ಲಿ ಅದಕ್ಕೆ ವಾನ್‌ಕೋಳಿ ಎನ್ನುತ್ತಾರೆ. ಈ ಕಡೆಯ ಹಳ್ಳಿಗಳಲ್ಲಿ ಅದೇನು ಅಪರೂಪದ ಹಕ್ಕಿಯಲ್ಲ. ನಮ್ಮ ಚೆನ್ನೈ ಮೆಟ್ರೋ ನಿಲ್ದಾಣವಿರುವ ನಂದನಂ ಹೆಸರಿನಲ್ಲೇ ‘ನಂದನಂ ಟರ್ಕಿ-1’ ಎಂಬ ತಳಿ ಇದೆ, ನಾಟಿ ಕಪ್ಪು ಟರ್ಕಿಗೂ ಬೆಲ್ಟ್ಸ್‌ವಿಲ್ ಎಂಬ ಬಿಳಿ ಟರ್ಕಿಗೂ ಅಡ್ಡತಳಿ ಮಾಡಿದ್ದು. “ಬಿಟ್ಟು ಸಾಕಬಹುದು ತಂಬಿ. ಹುಲ್ಲು, ಹುಳ, ಗೆದ್ದಲು ತಿಂದುಕೊಂಡು ಬೆಳೆಯುತ್ತವೆ. ನಿನಗೇನೂ ಕೆಲಸ ಇರೋದಿಲ್ಲ” ಎಂದರು. ಆ ಕೊನೆಯ ಮಾತನ್ನು ನಾನು ನಂಬಿದೆ.

2023ರ ಜೂನ್‌ನಲ್ಲಿ ಹದಿನೈದು ಮರಿಗಳು ರಟ್ಟಿನ ಡಬ್ಬದಲ್ಲಿ ಬಂದವು. ನಾಟಿ ಕೋಳಿ ಮರಿ ಮೊಟ್ಟೆಯಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೇ ನೆಲ ಕುಕ್ಕಲು ಶುರುಮಾಡುತ್ತದೆ. ಟರ್ಕಿ ಮರಿಗೆ ತಿನ್ನುವುದನ್ನೂ ಹೇಳಿಕೊಡಬೇಕು. ಕಾಳಿನ ತಟ್ಟೆಯ ಮೇಲೇ ನಿಂತು ಹಸಿವಿನಿಂದ ಸಾಯುವ ಪ್ರಾಣಿಯನ್ನು ನಾನು ಅದೇ ಮೊದಲು ನೋಡಿದ್ದು. ಪಶುವೈದ್ಯರು ಒಂದು ಲೆಕ್ಕ ಕೊಟ್ಟರು: ಮೊದಲ ಹದಿನೈದು ದಿನ ಒಂದು ಲೀಟರ್ ನೀರಿಗೆ ನೂರು ಮಿಲಿ ಹಾಲು, ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ. ಹಸಿರು ಬಣ್ಣ ಕಂಡರೆ ಬರುತ್ತವೆ ಎಂದು ಸೊಪ್ಪನ್ನು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಬೇಕು. ತಟ್ಟೆಯ ಅಂಚನ್ನು ಬೆರಳಿನಲ್ಲಿ ಟಕ್ ಟಕ್ ಎಂದು ಬಡಿಯಬೇಕು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯ ತೋರುಬೆರಳು ತಾಯಿ ಟರ್ಕಿಯ ಕೊಕ್ಕು. ಹೀಗೆ ಎರಡು ವಾರ ಕಳೆದೆ. ಆದರೂ ನಾಲ್ಕು ಸತ್ತವು. ಉಳಿದದ್ದು ಹನ್ನೊಂದು, ಮೂರು ಗಂಡು, ಎಂಟು ಹೆಣ್ಣು.

ಬೆಳೆದ ಮೇಲೆ ಅವುಗಳಿಗೆಂದು ತಗಡು ಹೊದಿಸಿ, ಜಾಲರಿ ಕಟ್ಟಿ ಒಂದು ಗೂಡು ಕಟ್ಟಿಸಿದೆ. ಒಂದು ರಾತ್ರಿಯೂ ಅವು ಅದರೊಳಗೆ ತಾವಾಗಿ ಮಲಗಲಿಲ್ಲ. ಬೇವಿನ ಮರವೇ ಬೇಕು. ನವೆಂಬರಿನಲ್ಲಿ ಈ ಕರಾವಳಿಗೆ ಹಿಂಗಾರು ಮಳೆ ಹೇಗೆ ಬಡಿಯುತ್ತದೆಂದು ಇಲ್ಲಿರುವವರಿಗೆ ಗೊತ್ತು. ಆ ಮಳೆಯಲ್ಲೂ ಹನ್ನೊಂದೂ ಕೊಂಬೆಯ ಮೇಲೆ ಸಾಲಾಗಿ, ನೆನೆದ ಗೋಣಿಚೀಲಗಳ ಹಾಗೆ ಕೂತಿರುತ್ತಿದ್ದವು. ಒಣಗಿದ ಗೂಡಿನಲ್ಲಿ ಪಾಟಿಯ ಬೆಕ್ಕು ಮರಿ ಹಾಕಿತು.

ಗಂಡುಗಳಲ್ಲಿ ದೊಡ್ಡದಕ್ಕೆ ಹೆಸರಿಟ್ಟವಳು ನನ್ನ ಅಮ್ಮ. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅದು ರೆಕ್ಕೆ ನೆಲಕ್ಕೆ ಉಜ್ಜಿ, ಬಾಲ ಬೀಸಣಿಗೆ ಮಾಡಿ, ಎದೆ ಉಬ್ಬಿಸಿ ನಿಂತಿತ್ತು. ಅಮ್ಮ ನೋಡಿದವಳೇ, “ಯಾರ್ಲಾ ಅದು, ನಮ್ಮೂರ ಹಳೇ ಪಟೇಲಪ್ಪ ನಿಂತಂಗೆ ನಿಂತವ್ನೆ!” ಎಂದಳು. ಅಂದಿನಿಂದ ಅದು ಪಟೇಲ. ಸಿಟ್ಟು ಬಂದರೆ ಮುಖ ಕೆಂಪು, ಆಮೇಲೆ ನೀಲಿ, ನೆತ್ತಿ ಬಿಳುಪು. ಮೂಗಿನ ಮೇಲಿನ ಮಾಂಸದ ತೊಂಗಲು ಕೊಕ್ಕು ದಾಟಿ ಇಳಿಬೀಳುತ್ತದೆ. ಮಾಡುವ ಕೆಲಸ ಮಾತ್ರ ಏನೂ ಇಲ್ಲ. ಕುಕ್ಕರ್ ಕೂಗಿದರೆ ಪಟೇಲ ಕೂಗುತ್ತಾನೆ, ಬಸ್ ಹಾರ್ನ್ ಹೊಡೆದರೆ ಕೂಗುತ್ತಾನೆ, ನಾನು ಸೀನಿದರೂ ಕೂಗುತ್ತಾನೆ. ಅವನು ಕೂಗಿದರೆ ಉಳಿದಿಬ್ಬರೂ ಕೂಗಲೇಬೇಕು. ಒಂದು ಸಲ ಅಮೆರಿಕದ ಕ್ಲೈಂಟ್ ಜೊತೆ ಮಾತಾಡುವಾಗ ಆತ ಜೋರಾಗಿ ನಕ್ಕ. ಸ್ಪೀಕರ್ ಆನ್ ಆಗಿತ್ತು. ಕಿಟಕಿಯಾಚೆಯಿಂದ ಮೂವರೂ ಉತ್ತರ ಕೊಟ್ಟರು. “ಅದು ಟರ್ಕಿಯಾ?” ಎಂದು ಕೇಳಿದ. ಹೌದೆಂದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಇನ್ನೊಂದು ವಾರವಿತ್ತು. “ಇಷ್ಟು ಮುಂಚೆಯೇ ತಂದಿಟ್ಟಿದ್ದೀಯಾ!” ಎಂದು ಮೆಚ್ಚಿಕೊಂಡ. ಅವನಿಗೆ ಪಟೇಲನ ವಿಷಯ ವಿವರಿಸುವ ಧೈರ್ಯ ಬರಲಿಲ್ಲ.

ಮನೆಯ ಒಡೆಯರು ಹೊಸ ಕಾರು ತೋರಿಸಲು ಬಂದ ದಿನ ಪಟೇಲ ಬಾಗಿಲಿನ ಹೊಳಪಿನಲ್ಲಿ ತನ್ನಂಥದೇ ಇನ್ನೊಬ್ಬ ಪಟೇಲನನ್ನು ಕಂಡು ಅರ್ಧ ಗಂಟೆ ಹೋರಾಡಿದ. ಗೆದ್ದದ್ದು ಯಾರೋ ಗೊತ್ತಿಲ್ಲ, ಬಣ್ಣ ಹೊಡೆಸಿದ್ದು ನಾನು.

ಈ ಹಕ್ಕಿಯ ಹೆಸರಿನ ಕತೆಯೂ ಮಜವಾಗಿದೆ. ಇದರ ತವರು ಅಮೆರಿಕ ಖಂಡ, ಮೊದಲು ಪಳಗಿಸಿದ್ದು ಮೆಕ್ಸಿಕೋದವರು. ಇಂಗ್ಲಿಷರು ಇದನ್ನು ಟರ್ಕಿ ದೇಶದ್ದು ಎಂದರು. ಟರ್ಕಿಯವರು ‘ಹಿಂದಿ’ ಎನ್ನುತ್ತಾರೆ, ಹಿಂದೂಸ್ತಾನದ್ದು ಅಂತ. ಡಚ್ಚರು ಕಲ್ಲಿಕೋಟೆಯ ಹೆಸರಿಟ್ಟರು, ಪೋರ್ಚುಗೀಸರು ಪೆರು ದೇಶದ ಹೆಸರಿಟ್ಟರು. 1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ತಂದುಕೊಟ್ಟ ವಿಚಿತ್ರ ಪ್ರಾಣಿಗಳಲ್ಲಿ ಇದನ್ನು ಕಂಡು ಜಹಾಂಗೀರ್ ಬೆರಗಾದ. ಗಳಿಗೆಗೊಂದು ಬಣ್ಣಕ್ಕೆ ತಿರುಗುವ ಅದರ ತಲೆಯ ಬಗ್ಗೆ ಬರೆದಿಟ್ಟ, ಉಸ್ತಾದ್ ಮನ್ಸೂರ್ ಕೈಯಲ್ಲಿ ಚಿತ್ರ ಬರೆಸಿದ. ಎಲ್ಲಿ ಹೋದರೂ ‘ಇದು ನಮ್ಮದಲ್ಲ, ಅಲ್ಲಿಯದು’ ಎನ್ನಿಸಿಕೊಂಡ ಹಕ್ಕಿ. ‘ಬೆಂಗಳೂರು ತಂಬಿ’ಗೆ ಅದರ ಮೇಲೆ ಸ್ವಲ್ಪ ಮಮಕಾರ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನು ದಿನಾ ಏಳು ಗಂಟೆಗೆ ಅಮ್ಮನ ಫೋನು. ಊರು ಬಿಟ್ಟಾಗಿನಿಂದ ಇದು ತಪ್ಪಿಲ್ಲ. “ಮನೆ ಸೇರ್ಕಂಡ್ಯಾ? ಉಂಡ್ಯಾ?” ಅಷ್ಟೇ. ನನಗೆ ನಲವತ್ತು ಹತ್ತಿರವಾಗುತ್ತಿದೆ, ನಾನು ಮನೆಯಿಂದಲೇ ಕೆಲಸ ಮಾಡುವುದು, ಸೇರುವುದೆಲ್ಲಿಗೆ ಎಂದು ರೇಗಿದ್ದೂ ಇದೆ. ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಮರುದಿನ ಮತ್ತೆ ಏಳು ಗಂಟೆಗೆ ಅದೇ ಎರಡು ಪ್ರಶ್ನೆ.

2024ರ ಪೊಂಗಲ್ ಮುಗಿದ ಮೇಲೆ ತೊಂದರೆ ಶುರುವಾಯಿತು. ಪಕ್ಕದ ಹೊಲದವರು ಕಡಲೆಕಾಯಿ ಬಿತ್ತಿದ್ದರು. ಮೊಳಕೆ ಮೇಲೆ ಬರುವ ಹೊತ್ತಿಗೆ ನನ್ನ ಹನ್ನೊಂದು ಹಕ್ಕಿಗಳು ಬೇಲಿಯಲ್ಲಿ ದಾರಿ ಕಂಡುಕೊಂಡು, ಸಾಲು ಹಿಡಿದು, ಒಂದೊಂದೇ ಮೊಳಕೆಯನ್ನು ಬೀಜದ ಸಮೇತ ಎಳೆದು ತಿಂದವು. ಆ ಅಣ್ಣನಿಗೆ ಬಂದ ಸಿಟ್ಟು ನ್ಯಾಯವಾದದ್ದೇ. ನನಗೆ ಅರ್ಥವಾಗುವ ತಮಿಳಿನಲ್ಲಿ ಸ್ವಲ್ಪ, ಅರ್ಥವಾಗದ ತಮಿಳಿನಲ್ಲಿ ಬಹಳ ಬೈದರು. “ಇನ್ನೊಂದು ಸಲ ಬಂದರೆ ವಾಪಸ್ ಬರೋದಿಲ್ಲ” ಎಂದರು. ಬೀಜದ ದುಡ್ಡು ಕೊಟ್ಟೆ, ಬೇಲಿಗೆ ಮುಳ್ಳು ಹೊಡೆಸಿದೆ.

ಫೆಬ್ರವರಿಯ ಒಂದು ಸಂಜೆ ಲೆಕ್ಕ ಹತ್ತಕ್ಕೆ ನಿಂತಿತು. ಇಲ್ಲದ್ದು ಕುಂಟಿ. ಮರಿಯಾಗಿದ್ದಾಗ ಕಾಲ್ಬೆರಳು ಸೊಟ್ಟಗಾಗಿ ಎಡಗಾಲು ಎಳೆದು ನಡೆಯುವ ಕಪ್ಪು ಹೆಣ್ಣು. ಟಾರ್ಚ್ ಹಿಡಿದು ಬಾವಿ, ಕಾಲುವೆ, ರಸ್ತೆ ಎಲ್ಲ ಹುಡುಕಿದೆ. ಮರುದಿನವೂ ಹುಡುಕಿದೆ. ಗರಿ ಇಲ್ಲ, ರಕ್ತವಿಲ್ಲ. ನಾಯಿ ಹಿಡಿದಿದ್ದರೆ ಗರಿಯಾದರೂ ಇರಬೇಕಲ್ಲ? ನನ್ನ ಮನಸ್ಸು ನೇರ ಪಕ್ಕದ ಹೊಲಕ್ಕೆ ಹೋಯಿತು. ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಆ ಅಣ್ಣ ಎದುರಾದರೆ ಮುಖ ತಿರುಗಿಸತೊಡಗಿದೆ. ಟೀ ಅಂಗಡಿಯಲ್ಲಿ ಅವರು “ಏನು ತಂಬಿ” ಎಂದರೆ ಫೋನ್ ನೋಡುತ್ತಿದ್ದೆ. ಪಾಟಿಯ ಹತ್ತಿರ ಮಾತ್ರ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಅವನು ಅಂಥವನಲ್ಲ. ಬಂದರೆ ಬರುತ್ತೆ, ಹುಡುಕಬೇಡ” ಎಂದರು. ಮುದುಕಿಗೆ ಕರುಣೆಯೇ ಇಲ್ಲ ಅನ್ನಿಸಿತು.

ಸುಮಾರು ಒಂದು ತಿಂಗಳು ದಿನಾ ಹತ್ತಕ್ಕೆ ಎಣಿಕೆ ನಿಲ್ಲಿಸುವುದು ರೂಢಿಯಾಯಿತು. ಆಮೇಲೊಂದು ಬೆಳಗ್ಗೆ ಪಾಟಿ ಕೂಗಿದರು. ಹಿತ್ತಿಲ ಬಾಗಿಲಲ್ಲಿ ಕುಂಟಿ. ಎಲುಬು ಚಕ್ಕಳ ಆಗಿದ್ದಳು. ಹಿಂದೆ ಒಂಬತ್ತು ಮರಿಗಳು, ಅವಳು ಕುಕ್ಕಿ ತೋರಿಸಿದ್ದನ್ನು ತಾವೂ ಕುಕ್ಕುತ್ತಾ ಬರುತ್ತಿದ್ದವು. ನನ್ನ ತೋರುಬೆರಳು ಎರಡು ವಾರ ಕಷ್ಟಪಟ್ಟ ಕೆಲಸ.

ಟರ್ಕಿ ಮೊಟ್ಟೆಗೆ ಕಾವು ಇಪ್ಪತ್ತೆಂಟು ದಿನ, ಕೋಳಿಗಿಂತ ಒಂದು ವಾರ ಜಾಸ್ತಿ. ಅಷ್ಟೂ ದಿನ ಅವಳು ಕೂತಿದ್ದು ಪಕ್ಕದ ಹೊಲದ ಪಂಪ್‌ಸೆಟ್ ಮನೆಯ ಹಿಂದೆ, ತಾಳೆಗರಿಯ ರಾಶಿಯೊಳಗೆ. ಮೋಟರ್ ಹಾಕಲು ಹೋದಾಗ ಮೊದಲು ಕಂಡದ್ದು ಆ ಅಣ್ಣನಿಗೇ. ಪಾಟಿಗೆ ಹೇಳಿದ್ದರು. ತಮ್ಮ ನಾಯಿಯನ್ನು ರಾತ್ರಿ ಕಟ್ಟಿಹಾಕುತ್ತಿದ್ದರು. ಪಾಟಿ ದಿನಕ್ಕೊಮ್ಮೆ ಹೋಗಿ ದೂರದಲ್ಲಿ ಒಂದು ಹಿಡಿ ಕಂಬು, ಒಂದು ಚಿಪ್ಪು ನೀರು ಇಟ್ಟು ಬರುತ್ತಿದ್ದರು.

“ನನಗ್ಯಾಕೆ ಹೇಳಲಿಲ್ಲ?” ಎಂದು ಜಗಳಕ್ಕೇ ನಿಂತೆ.

“ಹೇಳಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ದಿನಕ್ಕೆ ನಾಲ್ಕು ಸಲ ಟಾರ್ಚ್ ಹಿಡ್ಕೊಂಡು ಇಣುಕುತ್ತಿದ್ದೆ. ಕಾವಿಗೆ ಕೂತದ್ದನ್ನು ಕೆದಕಿದರೆ ಗೂಡು ಬಿಟ್ಟು ಎದ್ದು ಹೋಗುತ್ತೆ.”

ಆ ಸಂಜೆ ಟೀ ಅಂಗಡಿಗೆ ಹೋಗಿ ಆ ಅಣ್ಣನ ಪಕ್ಕ ಕೂತೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರೇ ನನಗೊಂದು ಟೀ ಹೇಳಿ, “ಟರ್ಕಿ ಗೊಬ್ಬರ ಇದ್ದರೆ ಎರಡು ಮೂಟೆ ಕೊಡು ತಂಬಿ, ಕಡಲೆಕಾಯಿಯ ಲೆಕ್ಕ ಚುಕ್ತಾ” ಎಂದರು.

ಏಳು ಗಂಟೆಗೆ ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಪಾಟಿ ಒಂದು ತಿಂಗಳು ಬಾಯಿ ಬಿಡದೆ ಇದ್ದುದನ್ನು ದೂರಿದೆ. ಅಮ್ಮ ನಗಲಿಲ್ಲ. ಸ್ವಲ್ಪ ತಡೆದು, “ನಂಗೂ ಗೊತ್ತಿತ್ತು ಕಣಪ್ಪ, ಅವಾಗ” ಎಂದಳು.

ಯಾವಾಗ ಎಂದು ಕೇಳಬೇಕಾಗಿರಲಿಲ್ಲ. 2013ರಲ್ಲಿ ನನ್ನ ಕೆಲಸ ಹೋಗಿತ್ತು. ಆಗ ವೇಲಚ್ಚೇರಿಯಲ್ಲಿ ಒಂದು ರೂಮಿನಲ್ಲಿದ್ದೆ. ಊರಲ್ಲಿ ತಂಗಿಯ ಮದುವೆಗೆ ನಾನು ಕೊಡುತ್ತೇನೆಂದು ಒಪ್ಪಿಕೊಂಡ ದುಡ್ಡಿತ್ತು. ಏಳು ಗಂಟೆಗೆ ಫೋನ್ ಹೊಡೆದುಕೊಳ್ಳುತ್ತಿತ್ತು, ನಾನು ಅದನ್ನು ದಿಂಬಿನ ಕೆಳಗಿಡುತ್ತಿದ್ದೆ. ಹತ್ತೊಂಬತ್ತು ದಿನ ಎತ್ತಲಿಲ್ಲ. ಇಪ್ಪತ್ತನೆಯ ದಿನ ಒಂದು ಕಡೆ ಕೆಲಸ ಸಿಕ್ಕಿತು. ಅವತ್ತು ಎತ್ತಿದೆ. “ಉಂಡ್ಯಾ?” ಎಂದಳು. ಎಲ್ಲಿ ಹೋಗಿದ್ದೆ, ಯಾಕೆ ಎತ್ತಲಿಲ್ಲ, ಏನೂ ಕೇಳಲಿಲ್ಲ. ಅವಳಿಗೆ ಏನೂ ತಿಳಿದಿಲ್ಲ ಎಂದೇ ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಒಳಗೊಳಗೆ ಒಂದು ಸಣ್ಣ ಸಿಟ್ಟೂ ಇತ್ತು, ಕೇಳಲೇ ಇಲ್ಲವಲ್ಲ ಎಂದು.

ಮೂರನೆಯ ದಿನವೇ ಅವಳು ನನ್ನ ರೂಂಮೇಟ್‌ಗೆ ಫೋನ್ ಮಾಡಿ ಎಲ್ಲ ತಿಳಿದುಕೊಂಡಿದ್ದಳಂತೆ. ನನಗೆ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದಳಂತೆ. ಆಗ ಅವನು ಸಂಜೆ ಸಂಜೆ “ಹೋಟೆಲಲ್ಲಿ ಜಾಸ್ತಿ ಕಟ್ಟಿಸಿಬಿಟ್ಟೆ, ಉಳಿದಿದೆ, ತಿನ್ನು” ಎಂದು ಪರೋಟ ತಂದುಕೊಡುತ್ತಿದ್ದ. ಅದರ ದುಡ್ಡು ಮಧುಗಿರಿಯಿಂದ ಅವನಿಗೆ ಹೋಗುತ್ತಿತ್ತು.

“ಮತ್ತೆ ದಿನಾ ನನಗೆ ಯಾಕೆ ಫೋನ್ ಮಾಡ್ತಿದ್ದೆ?” ಎಂದೆ.

“ಹೊಡ್ಕಂತಲ್ಲ, ಅಷ್ಟು ಸಾಕಾಗಿತ್ತು. ಫೋನ್‌ಗೆ ಚಾರ್ಜ್ ಹಾಕ್ಕಂತಾವ್ನೆ ಅಂದ್ರೆ ಇವ್ನು ಇರಾ ಮನಸ್ಸಲ್ಲವ್ನೆ ಅಂತ.”

ನಾನು ಏನೂ ಹೇಳಲಾಗಲಿಲ್ಲ. ಆಚೆ ಯಾವುದೋ ಬಸ್ಸು ಹಾರ್ನ್ ಹೊಡೆಯಿತು, ಮರದ ಮೇಲಿಂದ ಪಟೇಲ ಉತ್ತರ ಕೊಟ್ಟ, ಇಬ್ಬರು ಹಿಂಬಾಲಕರೂ ಕೊಟ್ಟರು. ಅಮ್ಮನಿಗೆ ನಗು ಬಂತು.

ಒಂಬತ್ತು ಮರಿಗಳಲ್ಲಿ ಒಂದನ್ನು ಮುಂಗುಸಿ ಒಯ್ದಿತು, ಇನ್ನೊಂದು ಬಕೆಟ್ಟಿನಲ್ಲಿ ಬಿದ್ದು ಸತ್ತಿತು. ಏಳು ಉಳಿದವು. ಈಗ ಸಂಜೆಯ ಲೆಕ್ಕ ಹದಿನೆಂಟು. ಬಿಟ್ಟು ಸಾಕುವುದೆಂದರೆ ಕೆಲಸವೇ ಇಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಕಟ್ಟಿ ಸಾಕುವವರು ಚಿಲಕ ಹಾಕಿ ಮಲಗುತ್ತಾರೆ, ಬಿಟ್ಟು ಸಾಕುವವರು ಕತ್ತಲಾಗುವಾಗ ಮರದ ಕೆಳಗೆ ನಿಂತಿರುತ್ತಾರೆ.

ಏಳು ಗಂಟೆಗೆ ಫೋನ್ ಬರುತ್ತದೆ. ಈಗ ಅಮ್ಮನ ಪ್ರಶ್ನೆ ಎರಡಲ್ಲ, ಮೂರು.

“ಮನೆ ಸೇರ್ಕಂಡ್ಯಾ? ಉಂಡ್ಯಾ? ಅವೆಲ್ಲ ಹತ್ಕಂಡ್ವಾ?”